‘ರು’ ಬಂದರೆ ಏನು ಹಾಡೋದು? ಜಪಾನಿನ ಕರೋಕೆ ಅಂತ್ಯಾಕ್ಷರಿಯ ಒಳಗುಟ್ಟು

‘ಲೆಮನ್’ ಅಂತ ಒಂದು ಹಾಡಿದೆ. ಯೊನೆಜು ಕೆನ್ಶಿ 2018ರಲ್ಲಿ ಹಾಡಿದ್ದು. ಜಪಾನಿನಲ್ಲಿ ಸ್ನೇಹಿತರು ಬಾಡಿಗೆ ಹಿಡಿದು ಹಾಡುವ ಕರೋಕೆ ಕೋಣೆಗಳಲ್ಲಿ ಜನ ಇದನ್ನು ವರ್ಷಗಟ್ಟಲೆ ಹಾಡಿದ್ದಾರೆ. ಆದರೆ ಅದೇ ಕೋಣೆಯಲ್ಲಿ ಒಂದು ಆಟ ಶುರುವಾಯಿತು ಅಂದರೆ ಈ ಹಾಡಿನ ತಂಟೆಗೆ ಹೋಗಬಾರದು. ಹೋದವರು ಅಲ್ಲಿಗೇ ಔಟ್. ಹಾಡು ಚೆನ್ನಾಗಿಲ್ಲ ಅಂತಲ್ಲ. ಅದರ ಹೆಸರು ‘ನ್’ನಲ್ಲಿ ಮುಗಿಯುತ್ತದೆ, ಅಷ್ಟೇ.

ಆಟದ ಹೆಸರು ಶಿರಿತೊರಿ. ಜಪಾನಿನಲ್ಲಿ ಅಂಗನವಾಡಿ ವಯಸ್ಸಿನ ಮಕ್ಕಳಿಗೂ ಗೊತ್ತು, ಅವರ ಅಜ್ಜಿಯರಿಗೂ ಗೊತ್ತು. ಒಬ್ಬರು ಒಂದು ಪದ ಹೇಳುತ್ತಾರೆ, ಅದರ ಕೊನೆಯ ಅಕ್ಷರದಿಂದ ಇನ್ನೊಬ್ಬರು ಮುಂದಿನ ಪದ ಹೇಳಬೇಕು. ಸಾಮಾನ್ಯವಾಗಿ ಆಟದ ಹೆಸರಿಂದಲೇ ಶುರು ಮಾಡುತ್ತಾರೆ. ಶಿರಿತೊರಿ, ಹಾಗಾಗಿ ‘ರಿ’. ರಿಂಗೊ, ಅಂದರೆ ಸೇಬು. ಆಮೇಲೆ ಗೊರಿರಾ, ನಮ್ಮ ಗೊರಿಲ್ಲಾನೇ. ಆಮೇಲೆ ರಪ್ಪಾ, ತುತ್ತೂರಿ. ಆಮೇಲೆ ಪಂತ್ಸು, ಅಂದರೆ ಚಡ್ಡಿ. ಈ ಸರಪಳಿ ಅಲ್ಲಿನ ಮಕ್ಕಳಿಗೆ ಬಾಯಿಪಾಠ, ಚಡ್ಡಿ ಬರುವ ಹೊತ್ತಿಗೆ ನಗು ಗ್ಯಾರಂಟಿ. ನಿಯಮಗಳು ಜಾಸ್ತಿ ಇಲ್ಲ. ನಾಮಪದವೇ ಆಗಿರಬೇಕು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬಾರದು. ‘ನ್’ನಲ್ಲಿ ಮುಗಿಯುವ ಪದ ಹೇಳಿದವರು ಸೋತರು. ಯಾಕೆಂದರೆ ಜಪಾನೀ ಭಾಷೆಯಲ್ಲಿ ‘ನ್’ ಇಂದ ಶುರುವಾಗುವ ಪದವೇ ಇಲ್ಲ.

ಇದನ್ನೇ ಹಾಡಿಗೆ ಹಾಕಿದರೆ ಕರೋಕೆ ಶಿರಿತೊರಿ. ಒಬ್ಬರು ಹಾಡಿದ ಹಾಡಿನ ಹೆಸರು ಯಾವ ಅಕ್ಷರದಲ್ಲಿ ಮುಗಿಯುತ್ತದೋ, ಮುಂದಿನವರು ಆ ಅಕ್ಷರದಿಂದ ಶುರುವಾಗುವ ಹೆಸರಿನ ಹಾಡು ಹಾಡಬೇಕು. ‘ಓ, ನಮ್ಮ ಅಂತ್ಯಾಕ್ಷರಿ ಥರಾನೇ’ ಅನ್ನಿಸುತ್ತದೆ, ಅಲ್ವಾ? ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಇದು ಬೇರೆಯದೇ ಆಟ. ಅಂತ್ಯಾಕ್ಷರಿಯಲ್ಲಿ ನಾವು ಹಾಡಿದ ಸಾಲಿನ ಕೊನೆಯ ಅಕ್ಷರ ಹಿಡಿಯುತ್ತೇವೆ. ಜಪಾನಿನಲ್ಲೂ ಸಾಲಿನ ಕೊನೆ ಹಿಡಿದು ಆಡುವವರು ಇದ್ದಾರೆ. ಆದರೆ ಹೆಸರು ಹಿಡಿದು ಆಡುವುದೇ ಸುಲಭ. ಹೆಸರು ಟೀವಿ ಪರದೆಯ ಮೇಲೆ ದೊಡ್ಡದಾಗಿ ಬರುತ್ತದೆ, ‘ನೀನು ಎಲ್ಲಿಗೆ ನಿಲ್ಲಿಸಿದ್ದು’ ಅನ್ನುವ ಜಗಳ ಇರುವುದಿಲ್ಲ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಸ್ವರದ್ದು. ನಮ್ಮಲ್ಲಿ ಸಾಲು ‘ನು’ ಅಂತ ಮುಗಿದರೆ ‘ನ’ ಬಂತು ಅನ್ನುತ್ತೇವೆ. ನಾ, ನೀ, ನೂ, ನೋ, ಯಾವುದರಿಂದ ಹಾಡಿದರೂ ನಡೆಯುತ್ತದೆ. ಜಪಾನಿನಲ್ಲಿ ಈ ರಿಯಾಯಿತಿ ಇಲ್ಲ. ‘ನು’ ಬಂದರೆ ‘ನು’ನೇ. ‘ರು’ ಬಂದರೆ ‘ರ’ ಹಾಡುವ ಹಾಗಿಲ್ಲ. ಆಟದ ಕಷ್ಟವೆಲ್ಲ ಹುಟ್ಟುವುದು ಇಲ್ಲಿಂದಲೇ.

ಅಕ್ಷರ ಅಂದರೆ ಯಾವುದು?

ಜಪಾನೀ ಬರವಣಿಗೆಯಲ್ಲಿ ಚೀನಾದಿಂದ ಬಂದ ಕಾಂಜಿ ಚಿತ್ರಾಕ್ಷರಗಳಿವೆ, ಜೊತೆಗೆ ಉಚ್ಚಾರಣೆ ಬರೆಯುವ ಕಾನಾ ಅಕ್ಷರಗಳಿವೆ. ಶಿರಿತೊರಿಗೆ ಕಾನಾ ಮಾತ್ರ ಲೆಕ್ಕ. ಹಾಡಿನ ಹೆಸರು ಕಾಂಜಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಕಾನಾದಲ್ಲಿ ಬರೆದರೆ ಕೊನೆಗೆ ಏನು ಬರುತ್ತದೆ ಅನ್ನುವುದಷ್ಟೇ ಮುಖ್ಯ. ಮೂಲ ಕಾನಾಗಳು 46. ನಮ್ಮ ಹಾಗೆ ವ್ಯಂಜನಕ್ಕೆ ಕೊಂಬು, ಗುಡಿ ಸೇರಿಸುವ ಪದ್ಧತಿ ಇಲ್ಲ. ‘ಕ’ಗೆ ಒಂದು ಗುರುತು, ‘ಕಿ’ಗೆ ಪೂರ್ತಿ ಬೇರೆ ಗುರುತು, ‘ಕು’ಗೆ ಇನ್ನೊಂದು. ನಮಗೆ ಕ, ಕಿ, ಕು ಒಂದೇ ಮನೆಯವು ಅಂತ ಕಣ್ಣಿಗೇ ಕಾಣುತ್ತದೆ. ಅವರಿಗೆ ಹಾಗೆ ಕಾಣುವುದಿಲ್ಲ. ಅದಕ್ಕೇ ‘ರು’ ಬಂದಾಗ ‘ರ’ ಹಾಡುವುದು ಅವರ ಪಾಲಿಗೆ ‘ರು’ ಬಂದಾಗ ‘ಮ’ ಹಾಡಿದಷ್ಟೇ ತಪ್ಪು.

ಇನ್ನೊಂದು ವಿಷಯ. ಕನ್ನಡ ಛಂದಸ್ಸಿನಲ್ಲಿ ಮಾತ್ರೆ ಎಣಿಸಿದವರಿಗೆ ಜಪಾನೀ ಲೆಕ್ಕ ಬೇಗ ಹತ್ತುತ್ತದೆ. ಅಲ್ಲಿ ಹೆಚ್ಚುಕಡಿಮೆ ಒಂದು ಕಾನಾ ಅಂದರೆ ಒಂದು ಮಾತ್ರೆ. ‘ನಿಪ್ಪೊನ್’ ಅನ್ನುವುದನ್ನು ನಾವು ಎರಡು ಗುರು, ನಾಲ್ಕು ಮಾತ್ರೆ ಅನ್ನುತ್ತೇವೆ. ಅವರೂ ನಾಲ್ಕೇ ಎಣಿಸುತ್ತಾರೆ: ನಿ, ಆಮೇಲೆ ಒತ್ತು ಬೀಳುವಾಗಿನ ಸಣ್ಣ ತಡೆ, ಪೊ, ನ್. ಹೈಕುವಿನ 5-7-5 ಎಣಿಸುವುದೂ ಹೀಗೇ. ಅಂದರೆ ‘ನ್’ ಅನ್ನುವುದು ಹಿಂದಿನ ಅಕ್ಷರಕ್ಕೆ ಅಂಟಿಕೊಂಡ ಸೊನ್ನೆಯಲ್ಲ, ತನ್ನದೇ ಜಾಗ ಇರುವ ಪೂರ್ತಿ ಸದಸ್ಯ. ದೀರ್ಘವೂ ಹಾಗೇ. ನಾವು ಟೋಕಿಯೋ ಅನ್ನುವ ಊರು ಅವರಿಗೆ ನಾಲ್ಕು ಮಾತ್ರೆ, ಕಾನಾದಲ್ಲಿ ಬರೆದರೆ ಕೊನೆಗೆ ಬರುವುದು ‘ಉ’. ಹೆಸರಿನ ಕೊನೆಗೆ ಟೋಕಿಯೋ ಇರುವ ಹಾಡು ಹಾಡಿದರೆ ಮುಂದಿನವರಿಗೆ ‘ಉ’ ಸಿಕ್ಕಿತು ಅಂತ ಅರ್ಥ. ಕಿವಿಗೆ ‘ಓ’ ಕೇಳಿದರೂ ಸರಿ.

ಈ 46 ಕಾನಾಗಳನ್ನು ಜೋಡಿಸುವ ಕ್ರಮ ನೋಡಿದರೆ ಕನ್ನಡದವರಿಗೆ ಖುಷಿಯಾಗುತ್ತದೆ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಮ್ಮ ವರ್ಣಮಾಲೆಯ ಸಾಲೇ ಅದು. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳನ್ನು ಓದಲು ಸಿದ್ಧಂ ಲಿಪಿ ಕಲಿಯುತ್ತಿದ್ದರು. ಆ ಓದಿನ ಜೊತೆ ಅಕ್ಷರಗಳ ಈ ಕ್ರಮವೂ ಜಪಾನಿಗೆ ಹೋಯಿತು. ಚ-ವರ್ಗದ ಜಾಗದಲ್ಲಿ ‘ಸ’ ಕೂತಿದೆ, ಪ-ವರ್ಗದ ಜಾಗದಲ್ಲಿ ‘ಹ’ ಕೂತಿದೆ. ಮೊದಲು ಕರೋಕೆ ಕೋಣೆಗಳಲ್ಲಿ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಹಾಡಿನ ಪುಸ್ತಕ ಇರುತ್ತಿತ್ತು. ಅದರಲ್ಲಿ ಹಾಡುಗಳನ್ನು ಜೋಡಿಸುತ್ತಿದ್ದುದು ಇದೇ ಕ್ರಮದಲ್ಲಿ.

ಕರೋಕೆಯ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕೋಬೆ ಊರಿನ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ಇನೊಉಎ ದೈಸುಕೆ 1971ರಲ್ಲಿ ನಾಣ್ಯ ಹಾಕಿದರೆ ಹಿನ್ನೆಲೆ ಸಂಗೀತ ಬರುವ 11 ಯಂತ್ರ ಮಾಡಿಸಿ ಬಾಡಿಗೆಗೆ ಬಿಟ್ಟರು. ಪೇಟೆಂಟ್ ಮಾಡಿಸಲಿಲ್ಲ. ದುಡ್ಡು ಬೇರೆಯವರಿಗೆ ಹೋಯಿತು, 2004ರಲ್ಲಿ ಇವರಿಗೆ ನೊಬೆಲ್ಲನ್ನು ಅಣಕಿಸುವ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. 1980ರ ದಶಕದಲ್ಲಿ ಒಕಯಾಮಾದಲ್ಲಿ ಹಳೆಯ ಸರಕು ಕಂಟೇನರನ್ನೇ ಹಾಡುವ ಕೋಣೆ ಮಾಡಿದರು. ಗಂಟೆ ಲೆಕ್ಕದಲ್ಲಿ ಕೋಣೆ ಬಾಡಿಗೆ ಹಿಡಿದು ಸ್ನೇಹಿತರ ಜೊತೆ ಹಾಡುವ ಪದ್ಧತಿ ಅಲ್ಲಿಂದ ಹಬ್ಬಿತು. 1992ರಿಂದ ಹಾಡುಗಳು ಫೋನ್ ಲೈನಿನಲ್ಲಿ ಬರತೊಡಗಿದವು. ಈಗ ದಪ್ಪ ಪುಸ್ತಕದ ಜಾಗದಲ್ಲಿ ಒಂದು ಟ್ಯಾಬ್ಲೆಟ್ ಇದೆ. ಹೆಸರಿನ ಮೊದಲ ಕಾನಾ ಒತ್ತಿ ಹುಡುಕಬಹುದು.

ಮೊದಲನೇ ಹೊಂಡ: ‘ನ್’

ಪದಗಳ ಶಿರಿತೊರಿಯಲ್ಲಿ ‘ನ್’ ತಪ್ಪಿಸುವುದು ದೊಡ್ಡವರಿಗೆ ಕಷ್ಟವಲ್ಲ. ಹಾಡಿನಲ್ಲಿ ಹಾಗಲ್ಲ. ಜನಪ್ರಿಯ ಹಾಡುಗಳ ಹೆಸರನ್ನು ಗಾಯಕರು ಈ ಆಟಕ್ಕೆ ಅಂತ ಇಟ್ಟಿರುವುದಿಲ್ಲವಲ್ಲ! ಸ್ಪಿಟ್ಸ್ ಬ್ಯಾಂಡಿನ 1995ರ ‘ರೊಬಿನ್ಸೊನ್’ ತಲೆಮಾರುಗಳಿಗೆ ಗೊತ್ತಿರುವ ಹಾಡು. ಹೆಸರಲ್ಲೇ ಸೋಲು. ಸುಕಿಮಾ ಸ್ವಿಚ್ ತಂಡದ 2005ರ ‘ಜೆನ್‌ರ್ಯೊಕು ಶೋನೆನ್’ ಕೂಡ ಅಷ್ಟೇ. ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಯಾವುದು ಗೊತ್ತಾ? 1975ರ ಕೊನೆಗೆ ಬಂದ, ಮೀನಿನ ಆಕಾರದ ಸಿಹಿ ತಿಂಡಿಯೊಂದು ಸಮುದ್ರಕ್ಕೆ ಓಡಿಹೋಗುವ ಕಥೆಯ ಮಕ್ಕಳ ಹಾಡು, ‘ಒಯೊಗೆ! ತೈಯಾಕಿ-ಕುನ್’. 45 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾದ, ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರಿಗೂ ಬರುವ ಹಾಡು. ಕೊನೆಗೆ ‘ಕುನ್’ ಇದೆ. ಈ ಆಟದಲ್ಲಿ ಅದಕ್ಕೆ ಜಾಗವಿಲ್ಲ.

ಹತ್ತನೇ ಶತಮಾನದ ಸುಮಾರಿಗೆ ಅಂದಿನ ಎಲ್ಲ ಕಾನಾಗಳನ್ನೂ ಒಂದೊಂದೇ ಸಲ ಬಳಸಿ ಕಟ್ಟಿದ ‘ಇರೊಹಾ’ ಅನ್ನುವ ಪದ್ಯವಿದೆ. ಅದರಲ್ಲಿ 47 ಅಕ್ಷರಗಳಿವೆ, ‘ನ್’ ಇಲ್ಲ. ಆಮೇಲೆ ಬಂದು ಸೇರಿದ ಅಕ್ಷರ ಅದು, ಪದದ ಮೊದಲಿಗೆ ಕೂರುವ ಹಕ್ಕು ಅದಕ್ಕೆ ಇವತ್ತಿಗೂ ಸಿಕ್ಕಿಲ್ಲ. ಚಾಡ್ ದೇಶದ ರಾಜಧಾನಿ ಎಂಜಮೇನಾವನ್ನು ಜಪಾನಿನಲ್ಲಿ ‘ನ್ಜಮೆನಾ’ ಅಂತ ಬರೆಯುತ್ತಾರೆ. ಸೋಲುವ ಹೊತ್ತಿಗೆ ಇದನ್ನು ಎಸೆದು ಬಚಾವಾಗಲು ನೋಡುವ ಚೂಟಿ ಮಕ್ಕಳು ಎಲ್ಲ ಕ್ಲಾಸಿನಲ್ಲೂ ಇರುತ್ತಾರೆ. ಆದರೆ ಆ ಊರಿನ ಮೇಲೆ ಯಾರಾದರೂ ಹಿಟ್ ಹಾಡು ಬರೆಯುವವರೆಗೆ ಕರೋಕೆಯಲ್ಲಿ ಈ ದಾರಿ ಬಂದ್.

ಅದಕ್ಕೇ ಕೋಣೆಗಳಲ್ಲಿ ನಿಯಮ ಸ್ವಲ್ಪ ಸಡಿಲ ಮಾಡಿಕೊಳ್ಳುತ್ತಾರೆ. ಒಂದು ರೀತಿಯಲ್ಲಿ, ‘ನ್’ ಬಂದರೆ ಅದನ್ನು ಬಿಟ್ಟು ಅದರ ಹಿಂದಿನ ಕಾನಾ ಹಿಡಿಯುವುದು. ಆಗ ‘ಲೆಮನ್’ ಹಾಡಬಹುದು. ಜಪಾನೀ ಬಾಯಲ್ಲಿ ಅದು ‘ರೆಮೊನ್’ ಆಗುವುದರಿಂದ ಮುಂದಿನವರಿಗೆ ‘ಮೊ’. ಇನ್ನೊಂದು ರೀತಿಯಲ್ಲಿ, ‘ನ್’ ಹಾಡಿದವರು ಸೋತರೂ ಹಾಡನ್ನು ಪೂರ್ತಿ ಹಾಡಿಯೇ ಕೂರುವುದು. ನನ್ನನ್ನು ಕೇಳಿದರೆ ಎರಡನೆಯದೇ ಚಂದ. ಸೋಲುತ್ತೇನೆ ಅಂತ ಗೊತ್ತಿದ್ದೂ ಇಷ್ಟದ ಹಾಡಿಗಾಗಿ ಎದ್ದು ನಿಲ್ಲುವವರಿಗೆ ಒಂದು ಮರ್ಯಾದೆ ಇರಬೇಕು.

ಎರಡನೇ ಹೊಂಡ: ‘ರು’

‘ನ್’ ಗೋಡೆ ಇದ್ದ ಹಾಗೆ, ಎದುರಿಗೇ ಕಾಣುತ್ತದೆ. ‘ರು’ ಹಾಗಲ್ಲ. ನೋಡಲು ಸಾಧಾರಣ ಅಕ್ಷರ, ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಎದುರಾಳಿಗೆ ಮತ್ತೆ ಮತ್ತೆ ‘ರು’ ಕೊಟ್ಟು ಸುಸ್ತು ಮಾಡುವ ತಂತ್ರಕ್ಕೆ ಶಿರಿತೊರಿ ಆಡುವವರು ‘ರು-ಜೆಮೆ’ ಅನ್ನುತ್ತಾರೆ. ‘ರು’ ದಾಳಿ ಅಂತ ಇಟ್ಟುಕೊಳ್ಳಿ.

ಯಾಕೆ ‘ರು’ಗೆ ಇಷ್ಟು ಬಡತನ? ಹಳೆಯ ಜಪಾನೀ ಪದಗಳು ‘ರ’ ಸಾಲಿನಿಂದ ಶುರುವಾಗುತ್ತಲೇ ಇರಲಿಲ್ಲ. ರ, ರಿ, ರು, ರೆ, ರೊ ಪದದ ನಡುವೆ, ಕೊನೆಗೆ ಎಷ್ಟು ಬೇಕಾದರೂ ಬರಬಹುದು, ಮೊದಲಿಗೆ ಬರುವಂತಿಲ್ಲ. ಎದೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ಅವರು ರಷ್ಯಾವನ್ನು ‘ಒರೊಶಿಯಾ’ ಅಂತ ಕರೆದಿದ್ದಾರೆ, ಮುಂದೆ ಒಂದು ಸ್ವರ ಅಂಟಿಸಿ. ನಮಗೆ ಇದು ಹೊಸದೇನಲ್ಲ. ಹಳೆಯ ದ್ರಾವಿಡ ಪದಗಳೂ ರ, ಲ ಇಂದ ಶುರುವಾಗುತ್ತಿರಲಿಲ್ಲ. ತಮಿಳಿನವರು ರಾಮನನ್ನು ‘ಇರಾಮನ್’ ಅಂತ ಬರೆದಿದ್ದು ಅದಕ್ಕೇ. ಕನ್ನಡ ನಿಘಂಟಿನಲ್ಲಿ ‘ರ’ ಭಾಗ ತೆಗೆದು ನೋಡಿ: ರಾಜ, ರಾತ್ರಿ, ರಥ, ರುಚಿ, ರೂಪ. ಹೆಚ್ಚಿನವು ಸಂಸ್ಕೃತದಿಂದ ಬಂದವು. ಇದರಿಂದ ಎರಡೂ ಭಾಷೆ ಸಂಬಂಧಿಕರು ಅಂತೇನೂ ಆಗುವುದಿಲ್ಲ. ಎರಡಕ್ಕೂ ಒಂದೇ ಥರದ ಸಂಕೋಚ, ಅಷ್ಟೇ.

ಜಪಾನಿನಲ್ಲಿ ‘ರ’ ಸಾಲಿನ ಖಾಲಿ ಮನೆ ತುಂಬಿಸಿದ್ದು ಚೀನೀ ಪದಗಳು, ಆಮೇಲೆ ಯುರೋಪಿನ ಪದಗಳು. ಆದರೆ ಚೀನೀ ಪದಗಳು ರಿ, ರೆ, ರ್ಯೊ ಅಂತ ಧಾರಾಳವಾಗಿ ಬಂದವು, ‘ರು’ ಅಂತ ಬಂದದ್ದು ಬೆರಳೆಣಿಕೆ. ಅದರಲ್ಲಿ ಒಂದು ನಮ್ಮ ಕಡೆಯಿಂದ ಹೋದದ್ದು. ನಾವು ವೈಡೂರ್ಯ ಅನ್ನುತ್ತೇವಲ್ಲ, ಅದು ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ತಲೆ ಕಳೆದುಕೊಂಡು, ಜಪಾನಿನಲ್ಲಿ ‘ರುರಿ’ ಆಯಿತು. ಅಲ್ಲಿ ಅದು ಕಡುನೀಲಿ ಕಲ್ಲು, ಹಾಗೇ ಆ ನೀಲಿ ಬಣ್ಣ.

ಇದು ಒಂದು ಕಡೆಯ ಕಥೆ. ಇನ್ನೊಂದು ಕಡೆ, ‘ರು’ನಲ್ಲಿ ಮುಗಿಯುವ ಪದಗಳು ರಾಶಿ ರಾಶಿ. ಜಪಾನೀ ಕ್ರಿಯಾಪದಗಳ ಮೂಲರೂಪ ನೋಡಿ: ಮಿರು ಅಂದರೆ ನೋಡು, ನೆರು ಅಂದರೆ ಮಲಗು, ತಬೆರು ಅಂದರೆ ತಿನ್ನು. ಪದಗಳ ಶಿರಿತೊರಿಯಲ್ಲಿ ನಾಮಪದ ಮಾತ್ರ ಅನ್ನುವ ನಿಯಮ ಇರುವುದರಿಂದ ಇವು ಒಳಗೆ ಬರುವುದಿಲ್ಲ. ಹಾಡಿನ ಹೆಸರಿಗೆ ಅಂಥ ಕಟ್ಟಿಲ್ಲ. ಹೆಸರು ಒಂದು ಇಡೀ ವಾಕ್ಯವೂ ಆಗಿರಬಹುದು. ಜಪಾನೀ ವಾಕ್ಯ ಕನ್ನಡದ ಹಾಗೆ ಕ್ರಿಯಾಪದದಲ್ಲೇ ಮುಗಿಯುತ್ತದೆ. ಹಾಗಾಗಿ ಪದಗಳ ಆಟಕ್ಕಿಂತ ಹಾಡಿನ ಆಟದಲ್ಲಿ ‘ರು’ ಕಾಟ ಜಾಸ್ತಿ. ಯೊಆಸೊಬಿ ಜೋಡಿಯ ಎರಡು ದೊಡ್ಡ ಹಿಟ್‌ಗಳನ್ನೇ ತೆಗೆದುಕೊಳ್ಳಿ. 2019ರ ‘ಯೊರು ನಿ ಕಕೆರು’, 2023ರ ‘ಐದೊರು’. ಎರಡನೆಯದು ಇಂಗ್ಲಿಷಿನ ಐಡಲ್ ಪದವೇ, ಕಾನಾದಲ್ಲಿ ‘ಲ್’ ಹೋಗಿ ‘ರು’ ಆಗಿದೆ. ಇಂಗ್ಲಿಷ್ ಪದಗಳ ಕೊನೆಯ ‘ಲ್’ ಎಲ್ಲ ಹೀಗೆ ‘ರು’ ಆಗುತ್ತವೆ. ಹುಡುಗರು ಇವೆರಡನ್ನು ಹಾಡಿದರೆ ಪಕ್ಕದಲ್ಲಿ ಕೂತವರ ಗತಿ ನೋಡಿ.

ಅದಕ್ಕೇ ಈ ಆಟಕ್ಕೆ ಹೋಗುವವರು ಫೋನಿನಲ್ಲಿ ‘ರು’ ಹಾಡುಗಳ ಸಣ್ಣ ಪಟ್ಟಿ ಇಟ್ಟುಕೊಂಡಿದ್ದರೆ ಒಳ್ಳೆಯದು. ನಾಲ್ಕು ಹಾಡು ಹೇಳುತ್ತೇನೆ. ಮೊದಲನೆಯದು ‘ರುಬೀ ನೊ ಯುಬಿವಾ’, ತೆರಾಒ ಅಕಿರಾ ಹಾಡಿದ್ದು, 1981ರ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆದದ್ದು. ಮುಗಿಯುವುದು ‘ವಾ’ದಲ್ಲಿ. ಅಲ್ಲಿಂದ ದಾರಿ ಸುಲಭ, ‘ವತಾಶಿ’ ಅಂದರೆ ‘ನಾನು’, ನಾನು ಅಂತ ಶುರುವಾಗುವ ಹಾಡುಗಳಿಗೆ ಯಾವ ಭಾಷೆಯಲ್ಲಿ ಬರ! ಎರಡನೆಯದು ಮತ್ಸುದಾ ಸೇಕೊ 1986ರಲ್ಲಿ ಹಾಡಿದ ‘ರುರಿಇರೊ ನೊ ಚಿಕ್ಯೂ’, ನಮ್ಮ ವೈಡೂರ್ಯ ಬಣ್ಣದ ಭೂಮಿ. ಕೊನೆಗೆ ‘ಉ’. ಮೂರನೆಯದು ಕಳ್ಳ ರುಪಾನನ ಅನಿಮೆ ಧಾರಾವಾಹಿಯ ಸಂಗೀತ, ‘ರುಪಾನ್ ಸಾನ್ಸೇ ನೊ ತೇಮಾ’, ಕೊನೆಗೆ ‘ಮ’. ನಾಲ್ಕನೆಯದು ಅರಾಯ್ ಯುಮಿ 1975ರಲ್ಲಿ ಹಾಡಿದ ‘ರೂಜು ನೊ ದೆಂಗೊನ್’. 1989ರಲ್ಲಿ ಮಿಯಾಜಾಕಿ ಹಯಾಒ ಅವರ ಪುಟ್ಟ ಮಾಟಗಾತಿ ಕಿಕಿಯ ಸಿನಿಮಾದಲ್ಲಿ ಬಂದು ಹೊಸ ಪೀಳಿಗೆಗೂ ಗೊತ್ತಾದ ಹಾಡು. ‘ರು’ ಅಂದ ತಕ್ಷಣ ತುಂಬ ಜನರಿಗೆ ನೆನಪಾಗುವುದೂ ಇದೇ. ಕೊನೆಯ ಅಕ್ಷರ ನೋಡಿದಿರಾ? ಒಂದು ಹೊಂಡ ದಾಟಿಸಿ ಇನ್ನೊಂದಕ್ಕೆ ಕೆಡವುತ್ತದೆ.

ಸಣ್ಣಪುಟ್ಟ ತಕರಾರುಗಳು

ಆಟ ಶುರುವಾಗುವ ಮುಂಚೆ ಮಾತಾಡಿಕೊಳ್ಳಬೇಕಾದ ಸಂಗತಿ ಕೆಲವಿವೆ. ಇಂಗ್ಲಿಷ್ ಹೆಸರುಗಳಲ್ಲಿ ಕೊನೆಗೆ ದೀರ್ಘ ಬರುತ್ತದೆ. ಹಿಗೆ ದಾಂಡಿಸಮು ತಂಡದ 2019ರ ‘ಪ್ರಿಟೆಂಡರ್’ ಕಾನಾದಲ್ಲಿ ‘ಪುರಿತೆಂದಾ’ ಆಗುತ್ತದೆ, ಕೊನೆಗೆ ದೀರ್ಘದ ಗೆರೆ. ಗೆರೆ ಬಿಟ್ಟು ‘ದ’ ಹಿಡಿಯುವುದೋ, ಗೆರೆಯ ಸ್ವರ ‘ಅ’ ಹಿಡಿಯುವುದೋ? ಎರಡೂ ನಡೆಯುತ್ತದೆ, ಒಂದೇ ದಿನ ಎರಡೂ ನಡೆಯಬಾರದು. ‘ಗ’ ಬಂದರೆ ‘ಕ’ ಹಾಡಬಹುದೇ? ಜಪಾನೀ ಲಿಪಿಯಲ್ಲಿ ‘ಕ’ಗೆ ಎರಡು ಚುಕ್ಕೆಯಂಥ ಗೆರೆ ಹಾಕಿದರೆ ‘ಗ’ ಆಗುತ್ತದೆ, ಹಾಗಾಗಿ ಬಹಳ ಕಡೆ ಒಪ್ಪುತ್ತಾರೆ. ಸೂಪರ್‌ಫ್ಲೈಯ 2008ರ ‘ಆಯಿ ಒ ಕೊಮೆತೆ ಹನತಾಬಾ ಒ’ ಮುಗಿಯುವುದು ‘ಅನ್ನು’ ಅನ್ನುವ ವಿಭಕ್ತಿ ಪ್ರತ್ಯಯದಲ್ಲಿ. ಅದಕ್ಕೆ ಕಾನಾದಲ್ಲಿ ಬೇರೆಯೇ ಅಕ್ಷರ ಇದೆ, ಆ ಅಕ್ಷರದಿಂದ ಯಾವ ಪದವೂ ಶುರುವಾಗುವುದಿಲ್ಲ. ಉಚ್ಚಾರಣೆ ‘ಒ’ ಆದ್ದರಿಂದ ಸುಮ್ನೆ ‘ಒ’ ಅಂತ ಇಟ್ಟುಕೊಂಡು ಮುಂದೆ ಹೋಗುವುದೇ ಜಾಣತನ.

ಈಗ ಒಂದು ಸರಪಳಿ ನೇಯ್ದು ನೋಡೋಣ. ಹಿರಾಯ್ ಕೆನ್ ಅವರ ‘ಹಿತೊಮಿ ಒ ತೊಜಿತೆ’ಯಿಂದ ಶುರು ಮಾಡೋಣ, 2004ರದ್ದು. ಕೊನೆಗೆ ‘ತೆ’. ಪಕ್ಕದವರು ಬಂಪ್ ಆಫ್ ಚಿಕನ್ ಬ್ಯಾಂಡಿನ ‘ತೆಂತೈ ಕಾನ್ಸೊಕು’ ತೆಗೆಯುತ್ತಾರೆ, 2001. ‘ಕು’ ಬಂತು. ‘ಕುರೆನಾಇ’, 1989ರಲ್ಲಿ ಎಕ್ಸ್ ಬ್ಯಾಂಡ್ ಬಿಟ್ಟ ಅಬ್ಬರದ ರಾಕ್. ಹಾಡಿ ಮುಗಿಸುವಷ್ಟರಲ್ಲಿ ಗಂಟಲು ಹೋಗಿರುತ್ತದೆ. ‘ಇ’ ಬಂತು. ‘ಇತೊ’, ನಕಾಜಿಮಾ ಮಿಯುಕಿ 1992ರಲ್ಲಿ ಹಾಡಿದ ಮೆಲ್ಲನೆಯ ಹಾಡು, ಮದುವೆಗಳಲ್ಲಿ ಕೇಳುವಂಥದ್ದು. ‘ತೊ’. ‘ತೊನಾರಿ ನೊ ತೊತೊರೊ’, 1988ರ ಮಕ್ಕಳ ಸಿನಿಮಾದ ಹಾಡು, ಕೋಣೆಗೆ ಕೋಣೆಯೇ ದನಿಗೂಡಿಸುತ್ತದೆ. ‘ರೊ’ ಬಂತು, ಇಲ್ಲಿ ಹುಷಾರು. ಬಾಯಿಗೆ ಮೊದಲು ಬರುವುದು ‘ರೊಬಿನ್ಸೊನ್’. ಅದು ಬೇಡ. ಹಿರೊಸೆ ಕೋಮಿಯ 1993ರ ‘ರೊಮಾನ್ಸು ನೊ ಕಾಮಿಸಾಮಾ’ ಇದೆ, ಎತ್ತರದ ಶ್ರುತಿಯಲ್ಲಿ ಹಾಡಲು ತಾಕತ್ತಿದ್ದರೆ. ‘ಮ’. ಸದರ್ನ್ ಆಲ್ ಸ್ಟಾರ್ಸ್‌ನ 1990ರ ‘ಮನಾತ್ಸು ನೊ ಕಾಜಿತ್ಸು’. ‘ತ್ಸು’. ಈಗ ಕೋಣೆಯ ಹಿರಿಯರೊಬ್ಬರು ಎದ್ದು ಇಶಿಕಾವಾ ಸಾಯುರಿಯ 1977ರ ‘ತ್ಸುಗಾರು ಕೈಕ್ಯೋ ಫುಯುಗೆಶಿಕಿ’ ಹಾಡುತ್ತಾರೆ, ಉತ್ತರದ ಜಲಸಂಧಿ, ಚಳಿಗಾಲ, ವಿರಹ. ‘ಕಿ’. ಗ್ರೀನ್ ತಂಡದ 2008ರ ‘ಕಿಸೆಕಿ’. ಮತ್ತೆ ‘ಕಿ’ನೇ. ‘ಕಿ’ ತಗೊಂಡು ‘ಕಿ’ ವಾಪಸ್ ಕೊಟ್ಟದ್ದು, ನೋಡಿದಿರಾ?

ಮೇಲಿನ ವರ್ಷಗಳನ್ನು ಇನ್ನೊಂದು ಸಲ ನೋಡಿ. 2004ರಿಂದ 1989ಕ್ಕೆ, ಅಲ್ಲಿಂದ ಮಕ್ಕಳ ಹಾಡಿಗೆ, ಆಮೇಲೆ 1977ರ ಎಂಕಾಗೆ, ಅಂದರೆ ಹಳೆಯ ಧಾಟಿಯ ಭಾವಗೀತೆಗೆ. ಆಟವಿಲ್ಲದೆ ಕೂತಿದ್ದರೆ ಯಾರೂ ಈ ಕ್ರಮದಲ್ಲಿ ಹಾಡುತ್ತಿರಲಿಲ್ಲ. ಕರೋಕೆಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ‘ಒಹಾಕೊ’ ಇರುತ್ತದೆ, ಪಳಗಿಸಿಕೊಂಡ ಖಾಯಂ ಹಾಡು. ಅದನ್ನೇ ಪ್ರತಿ ಸಲ ಹಾಡುತ್ತಾರೆ. ಆಫೀಸಿನವರ ಜೊತೆ ಹೋದರೆ ಇನ್ನೂ ಕಷ್ಟ. ಮೇಲಿನವರಿಗೆ ಗೊತ್ತಿಲ್ಲದ ಹಾಡು ಹಾಡಿದರೆ ಕೋಣೆ ತಣ್ಣಗಾಗುತ್ತದೆ, ಅವರ ಕಾಲದ್ದನ್ನು ಹಾಡಿದರೆ ಬೆಣ್ಣೆ ಹಚ್ಚುತ್ತಾನೆ ಅನ್ನಿಸುತ್ತದೆ. ಅಕ್ಷರವೇ ಹಾಡು ಆರಿಸಿದರೆ ಈ ತಲೆಬಿಸಿ ಇಲ್ಲ. ‘ತ್ಸು ಬಂತು, ನಾನೇನು ಮಾಡಲಿ’ ಅಂದರೆ ಆಯಿತು.

ಟ್ಯಾಬ್ಲೆಟ್ಟಿನಲ್ಲಿ ‘ರು’ ಒತ್ತಿದರೆ ಪಟ್ಟಿಯೇ ಬರುತ್ತದಲ್ಲ, ಇನ್ನೇನು ಆಟ ಅಂತ ಕೇಳಬಹುದು. ಅಂತ್ಯಾಕ್ಷರಿಯಲ್ಲಿ ಹಾಡು ನೆನಪಾದರೆ ಗೆದ್ದ ಹಾಗೆ. ಎರಡು ಸಾಲು ಗುನುಗಿದರೆ ಸಾಕು. ಇಲ್ಲಿ ನಾಲ್ಕು ನಿಮಿಷ ಮೈಕ್ ಹಿಡಿದು ಚರಣ, ಪಲ್ಲವಿ ಎಲ್ಲ ದಾಟಬೇಕು. ಹಿಂದಿನವರು ಹಾಡುವಷ್ಟು ಹೊತ್ತು ಹುಡುಕಲು ಸಮಯವಿದೆ, ಹುಡುಕಿದ್ದನ್ನು ಹಾಡಲು ಬರಬೇಕಲ್ಲ!

ಒಂದೇ ಅಕ್ಷರದ ಆಟ

ಸರಪಳಿ ಬೇಡ ಅಂದರೆ ಒಂದು ಅಕ್ಷರ ಹಿಡಿದು ಕೂರುವ ಆಟವೂ ಇದೆ. ಇಂಥ ಕಟ್ಟುಪಾಡಿಗೆ ‘ಶಿಬಾರಿ’ ಅನ್ನುತ್ತಾರೆ. ಇವತ್ತು ಎಲ್ಲರೂ ‘ಕೊ’ ಇಂದ ಶುರುವಾಗುವ ಹಾಡೇ ಹಾಡಬೇಕು, ಅಥವಾ ಅವರವರ ಹೆಸರಿನ ಕಾನಾಗಳಿಂದ ಹಾಡಬೇಕು. ಆಗ ಯಾವ ಅಕ್ಷರ ಶ್ರೀಮಂತ, ಯಾವುದು ಬಡವ ಅನ್ನುವುದು ಬೇಗ ಬಯಲಾಗುತ್ತದೆ. ‘ಕೊ’ಗೆ ಚಿಂತೆಯಿಲ್ಲ. ಕೊಯಿ ಅಂದರೆ ಪ್ರೀತಿ, ಕೊಕೊರೊ ಅಂದರೆ ಮನಸ್ಸು. ‘ಕಿ’ಗೆ ಕಿಮಿ ಇದೆ, ‘ನೀನು’. ‘ಅ’ಗೆ ಆಯಿ, ಅಮೆ, ಅನಾತಾ: ಪ್ರೇಮ, ಮಳೆ, ಮತ್ತೆ ಇನ್ನೊಂದು ‘ನೀನು’. ‘ನ’ಗೆ ನಮಿದಾ, ಕಣ್ಣೀರು. ‘ಯು’ಗೆ ಯುಮೆ ಮತ್ತು ಯುಕಿ, ಕನಸು ಮತ್ತು ಹಿಮ. ‘ಸ’ಗೆ ಸಕುರಾ, ಸಯೊನಾರಾ. ಸಿನಿಮಾ ಹಾಡು ಬರೆಯುವವರ ಬುಟ್ಟಿಯಲ್ಲಿ ಎಲ್ಲ ದೇಶದಲ್ಲೂ ಇವೇ ಇರುತ್ತವೆ. ಅವು ಯಾವ ಅಕ್ಷರದಿಂದ ಶುರುವಾಗುತ್ತವೋ ಆ ಅಕ್ಷರಕ್ಕೆ ಹಾಡುಗಳ ಕೊರತೆಯಿಲ್ಲ. ‘ನು’ಗೆ ಸಿಗುವುದು ಬಟ್ಟೆ, ಜೌಗು, ಹತ್ತಿ ತುಂಬಿದ ಗೊಂಬೆ. ಪ್ರೇಮಗೀತೆ ಹುಟ್ಟುವುದು ಕಷ್ಟ.

‘ಹ’ ಕೂಡ ಒಳ್ಳೆಯ ಮನೆ. ಹರು ವಸಂತ, ಹನಾ ಹೂವು. ಈ ಹನಾ ಬಹಳ ಹಿಂದೆ ‘ಪನಾ’ ಆಗಿತ್ತು. ಪದದ ಮೊದಲಿನ ‘ಪ’ ಕಾಲ ಕಳೆದ ಹಾಗೆ ‘ಹ’ ಆಯಿತು. ಪಾಲು ಹಾಲಾದ, ಪೂ ಹೂವಾದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಈಗ ‘ಪ’ ಇಂದ ಶುರುವಾಗುವ ಜಪಾನೀ ಪದಗಳು ಹೆಚ್ಚಾಗಿ ಹೊರಗಿನಿಂದ ಬಂದವು, ಇಲ್ಲವೇ ಪಟಪಟ ಅನ್ನುವಂಥ ಅನುಕರಣ ಪದಗಳು. ‘ಪ’ ಬಂದರೆ ಮಕ್ಕಳ ತಂಡ ಫೂರಿನ್ 2018ರಲ್ಲಿ ಹಾಡಿದ ‘ಪಪುರಿಕಾ’ ಕೈ ಹಿಡಿಯುತ್ತದೆ. ಬರೆದವರು ‘ಲೆಮನ್’ನ ಯೊನೆಜು ಕೆನ್ಶಿಯೇ.

ಕನ್ನಡದಲ್ಲಿ ಈ ಆಟವನ್ನು ಜಪಾನೀ ಕಟ್ಟುನಿಟ್ಟಿನಲ್ಲಿ ಆಡಿದರೆ ಏನಾಗುತ್ತದೆ? ಸ್ವರದ ರಿಯಾಯಿತಿ ತೆಗೆದುಬಿಡಿ. ‘ನು’ ಬಂದರೆ ನುಡಿ ಇದೆ, ‘ತು’ಗೆ ತುಟಿ, ತುಳಸಿ, ತುಂತುರು ಇವೆ. ಆಮೇಲೆ ನಮಗೂ ಅದೇ ‘ರು’ ಎದುರಾಗುತ್ತದೆ: ಹೆಸರು, ಉಸಿರು, ದೇವರು, ಅವರು, ಇವರು. ನಮ್ಮ ಸಾಲುಗಳೂ ಅಲ್ಲೇ ಹೋಗಿ ನಿಲ್ಲುತ್ತವೆ, ‘ರು’ ಇಂದ ಶುರುವಾಗುವ ಹಾಡು ಹುಡುಕಿದರೆ ರುಚಿ, ರುಮಾಲು, ರುದ್ರ ಅಂತ ತಡಕಾಡಬೇಕು. ‘ಲು’ಗೆ ಲುಂಗಿ ಬಿಟ್ಟರೆ ಇನ್ನೇನಿದೆ? ‘ಳು’ ಅಂತೂ ನಮ್ಮ ‘ನ್’. ಹೂಗಳು, ಕಣ್ಣುಗಳು, ಬೆಳದಿಂಗಳು ಅಂತ ಹಾಡು ತುಂಬ ಬರುತ್ತದೆ, ಅದರಿಂದ ಒಂದು ಪದವೂ ಶುರುವಾಗುವುದಿಲ್ಲ. ಮುಂದಿನ ಸಲ ಬಸ್ಸಿನಲ್ಲಿ ಟ್ರಿಪ್ ಹೋಗುವಾಗ ಹೀಗೆ ಆಡಿ ನೋಡುವುದಾದರೆ, ‘ಳು’ ಬಂದರೆ ಔಟೋ ಅಥವಾ ‘ಲು’ಗೆ ಇಳಿಸುವುದೋ ಅಂತ ಊರು ಬಿಡುವ ಮುಂಚೆನೇ ಮಾತಾಡಿಕೊಳ್ಳಿ.